ಬೀಜದ ದೂಳಿಗೊಂದು ತಕ್ಕಡಿ

2008ರ ಏಪ್ರಿಲ್ ಕೊನೆ, ಮೇ ಮೊದಲ ದಿನಗಳು. ಜರ್ಮನಿಯ ನೈಋತ್ಯ ಮೂಲೆಯಲ್ಲಿ, ರೈನ್ ನದಿಯ ಮೇಲ್ಕಣಿವೆಯಲ್ಲಿ ಮೆಕ್ಕೆಜೋಳದ ಬಿತ್ತನೆ ಭರದಿಂದ ಸಾಗಿತ್ತು. ಫ್ರಾನ್ಸ್ ಗಡಿಗೆ ತಾಗಿಕೊಂಡ ಈ ಬಯಲು ಬಾಡೆನ್-ವುರ್ಟೆಂಬರ್ಗ್ ರಾಜ್ಯಕ್ಕೆ ಸೇರಿದ್ದು. ಆ ವರ್ಷ ಮಳೆಯಿಂದಾಗಿ ಬಿತ್ತನೆ ತಡವಾಗಿತ್ತು. ನೆಲ ಒಣಗಿ ಯಂತ್ರಗಳು ಹೊಲಕ್ಕಿಳಿಯುವ ಹೊತ್ತಿಗೆ ಪಕ್ಕದ ಹೊಲಗಳಲ್ಲಿ ರೇಪ್ ಬೆಳೆ, ಅಂದರೆ ನಮ್ಮ ಸಾಸಿವೆಯ ಕುಲದ ಎಣ್ಣೆಬೀಜ, ಮೈತುಂಬ ಹಳದಿ ಹೂ ಹೊತ್ತು ನಿಂತಿತ್ತು. ಒಣಹವೆ, ಜೊತೆಗೆ ಬೀಸುಗಾಳಿ. ಕೆಲವೇ ದಿನಗಳಲ್ಲಿ ಲೋರಾಕ್, ರಾಶ್ಟಟ್ ಸುತ್ತಿನ ಜೇನು ಸಾಕಣೆದಾರರು ತಮ್ಮ ಪೆಟ್ಟಿಗೆಗಳ ಬಾಗಿಲಲ್ಲಿ ಸತ್ತ ನೊಣಗಳ ರಾಶಿ ಕಂಡರು. ಇನ್ನೂ ಜೀವವಿದ್ದವು ನೆಟ್ಟಗೆ ಹಾರಲಾರದೆ ನೆಲದ ಮೇಲೆ ನಡುಗುತ್ತಿದ್ದವು. ಲೆಕ್ಕ ಹಾಕಿದಾಗ ಪೆಟ್ಟು ತಿಂದ ಜೇನು ಕುಟುಂಬಗಳು ಹನ್ನೊಂದು ಸಾವಿರ ದಾಟಿದ್ದವು. ಸುಮಾರು 700 ಜನ ಸಾಕಣೆದಾರರ ಪಾಲಿಗೆ ಆ ವಸಂತ ಕೈಬಿಟ್ಟುಹೋಯಿತು.

ವಿಚಿತ್ರವೆಂದರೆ, ಹೂ ಬಿಟ್ಟಿದ್ದ ಆ ಬೆಳೆಗೆ ಯಾರೂ ನೊಣ ಕೊಲ್ಲುವಂಥ ಔಷಧ ಸಿಂಪಡಿಸಿರಲಿಲ್ಲ. ಬ್ರೌನ್‌ಶ್ವೈಗ್ ನಗರದ ಯೂಲಿಯುಸ್ ಕ್ಯೂನ್ ಸಂಸ್ಥೆ ಸತ್ತ ನೊಣಗಳನ್ನೂ ಗಿಡಗಳ ಮಾದರಿಗಳನ್ನೂ ಪರೀಕ್ಷಿಸಿದಾಗ ಸಿಕ್ಕಿದ್ದು ಕ್ಲೋಥಿಯಾನಿಡಿನ್ ಎಂಬ ಕೀಟನಾಶಕ. ಅದು ಮಣ್ಣಿನೊಳಗೆ ಇರಬೇಕಾಗಿದ್ದ ವಿಷ. ಬಿತ್ತುವ ಮೆಕ್ಕೆಜೋಳದ ಕಾಳಿಗೆ ಲೇಪಿಸಿದ್ದ ವಿಷ. ಬೀಜದಿಂದ ಉದುರಿ, ಯಂತ್ರದ ಗಾಳಿಗೆ ಸಿಕ್ಕಿ, ಬದು ದಾಟಿ ಹೂವಿನ ಮೇಲೆ ಕುಳಿತಿತ್ತು.

ಬೀಜದಿಂದ ಏಳುವ ಈ ದೂಳನ್ನು ಅಳೆಯುವುದು ಹೇಗೆ, ಅದರ ಅಪಾಯವನ್ನು ತೂಗುವುದು ಹೇಗೆ ಎಂಬುದು ಇಂದಿನ ಮಾತು. ನನ್ನ ವಾದ ಇಷ್ಟೇ: ಎಲ್ಲಿ ನಿಂತು ಅಳೆಯುತ್ತೇವೆ ಎಂಬುದರ ಮೇಲೆ ಅಪಾಯ ಕಾಣುವುದೂ ಕಾಣದಿರುವುದೂ ನಿಂತಿದೆ. ಬೀಜದ ಬಳಿ ಸಿಗುವ ಉತ್ತರ ಒಂದು, ಯಂತ್ರದ ಬಳಿ ಇನ್ನೊಂದು, ಹೂವಿನ ಬಳಿ ಮತ್ತೊಂದು.

ಮೊದಲು, ಬೀಜಕ್ಕೆ ವಿಷ ಹಚ್ಚಿದ್ದೇಕೆ ಎಂದು ನೋಡೋಣ. ಮೆಕ್ಕೆಜೋಳದ ಬೇರು ತಿನ್ನುವ ಒಂದು ಅಮೆರಿಕನ್ ದುಂಬಿ 1992ರಲ್ಲಿ ಬೆಲ್‌ಗ್ರೇಡ್ ವಿಮಾನ ನಿಲ್ದಾಣದ ಹತ್ತಿರ ಮೊದಲ ಬಾರಿಗೆ ಯುರೋಪಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಹರಡುತ್ತ ಹರಡುತ್ತ 2007ರಲ್ಲಿ ಜರ್ಮನಿಯ ರೈನ್ ಕಣಿವೆಗೂ ಬಂತು. ಅದರ ಮರಿಹುಳು ಮಣ್ಣಿನೊಳಗಿದ್ದು ಬೇರು ಕಡಿಯುತ್ತದೆ, ಮೇಲಿನಿಂದ ಹೊಡೆದ ಔಷಧ ಅದಕ್ಕೆ ತಗಲುವುದಿಲ್ಲ. ಆದ್ದರಿಂದ ಬೀಜಕ್ಕೇ ಔಷಧ ಹಚ್ಚಿ ಬಿತ್ತುವುದು ಎಂದಾಯಿತು. ಬೀಜೋಪಚಾರ ಎಂದು ನಾವು ಕರೆಯುವುದೂ ಇದನ್ನೇ. ಈ ವಿಧಾನಕ್ಕೆ ಒಳ್ಳೆಯ ಹೆಸರೂ ಇತ್ತು. ಇಡೀ ಹೊಲಕ್ಕೆ ಸಿಂಪಡಿಸುವ ಬದಲು ಕಾಳಿನ ಸುತ್ತ ಮಾತ್ರ ಔಷಧ, ಅದೂ ಮಣ್ಣಿನ ಮುಚ್ಚಿಗೆಯಲ್ಲಿ. ಸಿಂಪಡಣೆಗೆ ಗಾಳಿಯ ವೇಗ ನೋಡು, ಬದುವಿನಿಂದ ಇಷ್ಟು ದೂರ ನಿಲ್ಲು ಎಂಬ ನಿಯಮಗಳಿದ್ದವು. ಬೀಜಕ್ಕೆ ಅಂಥ ಕಟ್ಟುಪಾಡು ಬೇಕೆಂದು ಹೆಚ್ಚಿನವರಿಗೆ ತೋಚಿರಲಿಲ್ಲ. ಬೀಜ ಚೀಲದಿಂದ ಹೊರಟು ಮಣ್ಣು ಸೇರುವವರೆಗಿನ ಅಷ್ಟು ದಾರಿಯಲ್ಲಿ ತಕ್ಕಡಿ ಹಿಡಿದವರು ಬಹಳ ಕಡಿಮೆ. ಇಟಲಿಯಲ್ಲಿ ಮಾತ್ರ ಕೆಲವು ಸಂಶೋಧಕರು ಅದಕ್ಕೆ ಹಲವು ವರ್ಷ ಮೊದಲೇ ಮೆಕ್ಕೆಜೋಳ ಬಿತ್ತಿದ ಹೊಲಗಳ ಅಂಚಿನ ಹುಲ್ಲು, ಹೂಗಳಲ್ಲಿ ಬೀಜದ ಔಷಧವನ್ನು ಹುಡುಕಿ, ಕಂಡು, ಬರೆದಿಟ್ಟಿದ್ದರು.

ಇನ್ನು ದೂಳು ಹೊರಬಿದ್ದ ಬಗೆ. ಯುರೋಪಿನಲ್ಲಿ ಮೆಕ್ಕೆಜೋಳ ಬಿತ್ತಲು ಬಳಸುವ ಯಂತ್ರಗಳಲ್ಲಿ ಬಹುಪಾಲು ಗಾಳಿ ಹೀರಿ ಕೆಲಸ ಮಾಡುವಂಥವು. ರಂಧ್ರಗಳಿರುವ ಒಂದು ತಟ್ಟೆ ತಿರುಗುತ್ತಿರುತ್ತದೆ. ಅದರ ಹಿಂದುಗಡೆಯಿಂದ ಫ್ಯಾನ್ ಗಾಳಿ ಎಳೆಯುತ್ತದೆ. ಎಳನೀರಿನ ಕೊಳವೆ ಹೀರುವಾಗ ಗಂಜಿಯ ಚೂರು ಅದರ ಬಾಯಿಗೆ ಬಂದು ಕಚ್ಚಿಕೊಳ್ಳುವಂತೆ, ಒಂದೊಂದು ರಂಧ್ರಕ್ಕೂ ಒಂದೊಂದು ಕಾಳು ಕಚ್ಚಿಕೊಳ್ಳುತ್ತದೆ. ತಟ್ಟೆ ಕೆಳಕ್ಕೆ ತಿರುಗಿದಾಗ ಎಳೆತ ನಿಂತು ಕಾಳು ಸಾಲಿಗೆ ಬೀಳುತ್ತದೆ. ಅಂತರ ಕರಾರುವಾಕ್ಕು. ಆದರೆ ಕಾಳುಗಳು ಡಬ್ಬಿಯಲ್ಲಿ ಒಂದಕ್ಕೊಂದು ಉಜ್ಜಿ, ತಟ್ಟೆಗೆ ತಿಕ್ಕಿ, ಲೇಪನದ ಚೂರುಗಳು ಏಳುತ್ತವೆ. ಹೀರಿದ ಗಾಳಿ ಅವನ್ನೂ ಹೊತ್ತು ಫ್ಯಾನಿನ ಬಾಯಿಂದ ಹೊರಬರುತ್ತದೆ. ಅಂದಿನ ಎಷ್ಟೋ ಯಂತ್ರಗಳಲ್ಲಿ ಆ ಬಾಯಿ ಮೇಲ್ಮುಖವಾಗಿಯೋ ಪಕ್ಕಕ್ಕೋ ಇತ್ತು. 2008ರಲ್ಲಿ ಕೆಲವು ಕಂತಿನ ಬೀಜಗಳಿಗೆ ಔಷಧ ಸರಿಯಾಗಿ ಅಂಟಿಕೊಂಡಿರಲೂ ಇಲ್ಲ. ಅಂಟದ ಲೇಪನ, ಮೇಲಕ್ಕೆ ಊದುವ ಯಂತ್ರ, ಒಣಗಾಳಿ, ಪಕ್ಕದಲ್ಲೇ ಹೂ: ನಾಲ್ಕೂ ಒಂದೇ ವಾರ ಕೂಡಿದವು.

ಇಷ್ಟು ದೂಳಿಗೆ ಇಷ್ಟೊಂದು ಸಾವೇ ಎಂದು ನೀವು ಕೇಳಬಹುದು. ಲೆಕ್ಕ ನೋಡಿ. ಬೇರುದುಂಬಿಗಾಗಿ ಒಂದೊಂದು ಕಾಳಿಗೆ ಹಚ್ಚಿದ್ದ ಕ್ಲೋಥಿಯಾನಿಡಿನ್ 1.25 ಮಿಲಿಗ್ರಾಂ. ಈ ವಿಷವನ್ನು ಬಾಯಿಂದ ಸೇವಿಸಿದ ಜೇನ್ನೊಣಗಳಲ್ಲಿ ಅರ್ಧದಷ್ಟು ಸಾಯಲು ಒಂದೊಂದಕ್ಕೆ ಬೇಕಾದದ್ದು ಸುಮಾರು 4 ನ್ಯಾನೊಗ್ರಾಂ. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಒಂದೇ ಒಂದು ಕಾಳಿನ ಮೇಲಿದ್ದದ್ದು ಅಂಥ ಮೂರು ಲಕ್ಷ ಪಾಲು. ಕಾಳು ಮಣ್ಣಲ್ಲೇ ಉಳಿದರೆ ನೊಣಕ್ಕೆ ಅದರ ಗೊಡವೆ ಇಲ್ಲ. ನೂರರಲ್ಲಿ ಒಂದು ಪಾಲು ಗಾಳಿಗೆ ಹೋದರೂ ಗತಿ ಬೇರೆ.

ಮೇ ತಿಂಗಳಲ್ಲೇ ಜರ್ಮನಿ ಆ ಬೀಜೋಪಚಾರಗಳ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಅದೇ ವಸಂತದಲ್ಲಿ ಪೋ ನದಿಯ ಬಯಲಿನಲ್ಲಿ ಜೇನು ಕಳೆದುಕೊಂಡಿದ್ದ ಇಟಲಿ ಸೆಪ್ಟೆಂಬರಿನಲ್ಲಿ ಅದೇ ಹೆಜ್ಜೆ ಇಟ್ಟಿತು. ತಡೆಯುವುದು ಒಂದು ಆದೇಶದಲ್ಲಿ ಮುಗಿಯಿತು. ಅಳೆಯುವ ಕೆಲಸ ಅಲ್ಲಿಂದ ಶುರುವಾಯಿತು.

ಮೊದಲ ಅಳತೆ ಬೀಜದ್ದೇ. ಇದಕ್ಕೆ ಬಳಸುವ ಉಪಕರಣದ ಹೆಸರು ಹಾಯ್‌ಬಾಕ್ ದೂಳುಮಾಪಕ. ಹಾಯ್‌ಬಾಕ್ ಎಂಬುದು ಬಣ್ಣದ ಪುಡಿ ತಯಾರಿಸುತ್ತಿದ್ದ ಜರ್ಮನ್ ಕಂಪನಿ. ಪುಡಿಯಿಂದ ಎಷ್ಟು ದೂಳು ಏಳುತ್ತದೆಂದು ನೋಡಲು ಬಂದ ಸಾಧನ ಬೀಜಕ್ಕೂ ಒದಗಿತು. ಬೀಜವನ್ನು 20 ಡಿಗ್ರಿ ಉಷ್ಣತೆ, ಶೇ 50ರಷ್ಟು ತೇವಾಂಶವಿರುವ ಕೋಣೆಯಲ್ಲಿ ಎರಡು ದಿನ ಇಡುತ್ತಾರೆ. ಯಾಕೆಂದರೆ ಒಣಗಿದ ಲೇಪನ ಹೆಚ್ಚು ಉದುರುತ್ತದೆ, ತೇವದ್ದು ಕಡಿಮೆ. ಆಮೇಲೆ 100 ಗ್ರಾಂ ಬೀಜವನ್ನು ಒಂದು ಪೀಪಾಯಿಯೊಳಗೆ ಹಾಕಿ ನಿಮಿಷಕ್ಕೆ 30 ಸುತ್ತಿನಂತೆ ಎರಡು ನಿಮಿಷ ಉರುಳಿಸುತ್ತಾರೆ. ಅದರೊಳಗಿನಿಂದ ನಿಮಿಷಕ್ಕೆ 20 ಲೀಟರ್ ಗಾಳಿ ಹಾಯುತ್ತಿರುತ್ತದೆ. ದಪ್ಪ ಚೂರುಗಳು ದಾರಿಯಲ್ಲೇ ಉಳಿದುಬಿಡುತ್ತವೆ. ತೇಲಬಲ್ಲ ನವಿರು ದೂಳು ಸೋಸುವ ಹಾಳೆಯ ಮೇಲೆ ಕೂರುತ್ತದೆ. ಹಾಳೆಯನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗಿದರೆ ದೂಳಿನ ತೂಕ ಸಿಕ್ಕಿತು.

ಮೆಕ್ಕೆಜೋಳಕ್ಕೆ ಜರ್ಮನಿ ಇಟ್ಟ ಮಿತಿ ಒಂದು ಲಕ್ಷ ಕಾಳಿಗೆ 0.75 ಗ್ರಾಂ ದೂಳು. ಒಂದು ಲಕ್ಷ ಕಾಳೆಂದರೆ ಅಲ್ಲಿ ಹೆಚ್ಚುಕಡಿಮೆ ಒಂದು ಹೆಕ್ಟೇರಿಗೆ, ಅಂದರೆ ನಮ್ಮ ಎರಡೂವರೆ ಎಕರೆಗೆ, ಬೇಕಾಗುವ ಬೀಜ. ಪೀಪಾಯಿಯೊಳಗಿನ 100 ಗ್ರಾಮಿನಲ್ಲಿ ಇರುವುದು ಮುನ್ನೂರು ಚಿಲ್ಲರೆ ಕಾಳು. ಹಾಗಾಗಿ ಮಿತಿಯೊಳಗಿನ ಬೀಜದಿಂದ ಹಾಳೆಯ ಮೇಲೆ ಕೂರುವ ದೂಳು ಎರಡೂವರೆ ಮಿಲಿಗ್ರಾಂ ದಾಟಬಾರದು. ಕಣ್ಣಿಗೆ ಕಂಡೂ ಕಾಣದಷ್ಟು.

ಈ ಪರೀಕ್ಷೆಯಿಂದ ದೊಡ್ಡ ಉಪಕಾರವಾಯಿತು. ಬೀಜದ ಕಾರ್ಖಾನೆಗೆ ಒಂದು ಗುರಿ ಸಿಕ್ಕಿತು. ಲೇಪನಕ್ಕೆ ಒಳ್ಳೆಯ ಅಂಟು ಬೆರೆಸುವುದು, ಔಷಧ ಹಚ್ಚುವ ಮೊದಲು ಬೀಜದ ಹೊಟ್ಟು-ದೂಳು ತೆಗೆಯುವುದು, ಚೀಲ ತುಂಬುವ ಮುಂಚೆ ಉದುರಿದ್ದನ್ನು ಹೀರಿಬಿಡುವುದು, ಇವೆಲ್ಲ ದಿನದ ಕೆಲಸದ ಭಾಗವಾದವು. ಆದರೆ ಈ ಅಂಕಿ ಹೇಳದ ಸಂಗತಿಗಳೂ ಇವೆ. ದೂಳು ಎಷ್ಟು ಎಂದು ಅದು ಹೇಳುತ್ತದೆ. ದೂಳಿನಲ್ಲಿ ವಿಷ ಎಷ್ಟು ಎಂದು ಹೇಳುವುದಿಲ್ಲ. ಉದುರಿದ್ದರಲ್ಲಿ ಕಾಳಿನ ಸಿಪ್ಪೆ, ಬಣ್ಣ, ಅಂಟು ಎಲ್ಲ ಇರುತ್ತದೆ. ಒಂದೇ ತೂಕದ ಎರಡು ದೂಳಿನಲ್ಲಿ ವಿಷದ ಪಾಲು ತೀರ ಬೇರೆಯಾಗಬಹುದು. ಆದ್ದರಿಂದ ಹಾಳೆಯನ್ನು ತೂಗಿದರೆ ಸಾಲದು, ಅದನ್ನು ರಾಸಾಯನಿಕ ಪರೀಕ್ಷೆಗೂ ಕಳಿಸಬೇಕು.

ಮಿತಿಯೊಳಗಿದ್ದರೆ ಅಪಾಯವಿಲ್ಲ ಎಂದು ತಿಳಿಯುವಂತೆಯೂ ಇಲ್ಲ. ಲೆಕ್ಕಕ್ಕೆಂದು ಹಿಡಿಯೋಣ: ಹೆಕ್ಟೇರಿಗೆ 0.75 ಗ್ರಾಂ ದೂಳು, ಅದರಲ್ಲಿ ಐದನೇ ಒಂದು ಪಾಲು ಕ್ಲೋಥಿಯಾನಿಡಿನ್. ಅದು 15 ಕೋಟಿ ನ್ಯಾನೊಗ್ರಾಂ ಆಯಿತು. ನಾಲ್ಕರಿಂದ ಭಾಗಿಸಿ: ಮೂರೂಮುಕ್ಕಾಲು ಕೋಟಿ. ಅಷ್ಟೂ ನೊಣದ ಬಾಯಿಗೆ ಹೋಗುವುದಿಲ್ಲ ನಿಜ. ಬಹುಪಾಲು ಆ ಹೊಲದಲ್ಲೇ ಬೀಳುತ್ತದೆ, ಮಣ್ಣಿಗೆ ಸೇರುತ್ತದೆ. ಹಾಗಾದರೆ ಉಳಿದದ್ದು ಎಷ್ಟು, ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗೆ ಪೀಪಾಯಿಯಲ್ಲಿ ಉತ್ತರವಿಲ್ಲ. ತಕ್ಕಡಿಯನ್ನು ಯಂತ್ರದ ಬಳಿಗೆ ಒಯ್ಯಬೇಕು.

ಯಂತ್ರದ ಬಳಿ ಅಳೆಯುವುದು ಎರಡನೆಯ ಮೆಟ್ಟಿಲು. ಫ್ಯಾನಿನಿಂದ ಗಾಳಿ ಯಾವ ಎತ್ತರದಲ್ಲಿ, ಯಾವ ದಿಕ್ಕಿಗೆ, ಎಷ್ಟು ವೇಗವಾಗಿ ಹೊರಬೀಳುತ್ತದೆ ಎಂಬುದೇ ಇಲ್ಲಿ ಮುಖ್ಯ. ದೂಳು ದೂರ ಹಾರದಂತೆ ಮಾಡಲು ಹುಡುಕಿದ ಉಪಾಯ ಸರಳ: ದಪ್ಪ ಕೊಳವೆಗಳನ್ನು ಜೋಡಿಸಿ ಆ ಗಾಳಿಯನ್ನು ನೆಲದ ಹತ್ತಿರಕ್ಕೆ ತರುವುದು. ಕೊಳವೆ ಅಗಲವಾದಷ್ಟು ಗಾಳಿಯ ವೇಗ ಇಳಿಯುತ್ತದೆ. ನೆಲಕ್ಕೆ ಹತ್ತಿರವಾದಷ್ಟು ದೂಳು ಹಾರುವ ಮುನ್ನವೇ ಕೂರುತ್ತದೆ. ಹಳೆಯ ಯಂತ್ರಕ್ಕೆ ಹೋಲಿಸಿದರೆ ಶೇ 90ರಷ್ಟು ಹಾರಾಟ ಕಡಿಮೆಯಾಗಬೇಕು ಎಂದು ಜರ್ಮನಿ ಗುರಿ ಇಟ್ಟಿತು. ಆ ಗುರಿ ಮುಟ್ಟಿದ ಯಂತ್ರಗಳ ಪಟ್ಟಿಯನ್ನು ಯೂಲಿಯುಸ್ ಕ್ಯೂನ್ ಸಂಸ್ಥೆ ಪ್ರಕಟಿಸುತ್ತ ಬಂದಿದೆ.

ಗಾಳಿಯ ಬಾಯಿ ತಗ್ಗಿಸಿದ್ದಕ್ಕೆ ಯಾಕೆ ಇಷ್ಟು ಬೆಲೆ? ಕಣದ ಗಾತ್ರ ನೋಡಿದರೆ ತಿಳಿಯುತ್ತದೆ. ನೀರಿನಷ್ಟೇ ಸಾಂದ್ರತೆಯ, ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪದ ಗುಂಡುಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಕಾಲು ಮೀಟರ್ ಇಳಿಯುತ್ತದೆ. ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಎಂಟು ಸೆಕೆಂಡು. ಸೆಕೆಂಡಿಗೆ ಎರಡು ಮೀಟರಿನ ಮಂದಗಾಳಿ ಇದ್ದರೆ ಅಷ್ಟರೊಳಗೆ 16 ಮೀಟರ್ ದೂರ ಹೋಗಿರುತ್ತದೆ. ಅದರ ಹತ್ತನೇ ಒಂದು ಪಾಲು ದಪ್ಪದ ಕಣ ಇಳಿಯುವುದು ಸೆಕೆಂಡಿಗೆ ಬರಿಯ 3 ಮಿಲಿಮೀಟರ್. ಲೆಕ್ಕದ ಪ್ರಕಾರ ಅದೇ ಎತ್ತರದಿಂದ ನೆಲ ಮುಟ್ಟಲು ಹತ್ತು ನಿಮಿಷಕ್ಕೂ ಹೆಚ್ಚು; ಅಷ್ಟರಲ್ಲಿ ಕಿಲೋಮೀಟರ್ ದಾಟಿರುತ್ತದೆ. ಬೀಜದ ದೂಳಿನಲ್ಲಿ ಎರಡೂ ಬಗೆ ಇವೆ. ಅದೂ ಗುಂಡಗಿಲ್ಲ: ಚಕ್ಕೆ, ಸೀಳು, ಒಳಗೆ ಪೊಳ್ಳು. ಬೆಲ್ಜಿಯಮ್ಮಿನ ಸಂಶೋಧಕರು ಈ ಚೂರುಗಳ ಗಾತ್ರ, ಆಕಾರ, ಪೊಳ್ಳುತನ, ಒಂದೊಂದು ಗಾತ್ರದಲ್ಲಿರುವ ವಿಷದ ಪಾಲು ಇಷ್ಟನ್ನೂ ಬೇರೆಬೇರೆಯಾಗಿ ಅಳೆದು, ಗಾಳಿಯಲ್ಲಿ ಅವುಗಳ ದಾರಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಾರೆ. ಸಿಂಪಡಣೆಯ ಹನಿಗೆ ಮಾಡಿದ್ದ ಲೆಕ್ಕವನ್ನೇ ದೂಳಿಗೆ ಹಾಕಿಬಿಟ್ಟರೆ ತಪ್ಪುತ್ತದೆ ಎಂಬುದು ಇಂಥ ಕೆಲಸದಿಂದ ಗಟ್ಟಿಯಾಯಿತು.

ಮೂರನೆಯ ಅಳತೆ ಹೊಲದ ಬದುವಿನಲ್ಲಿ. ಪೆಟ್ರಿ ತಟ್ಟೆ ಎಂಬ ಅಗಲಬಾಯಿಯ ಗಾಜಿನ ತಟ್ಟೆಗಳನ್ನು, ದೂಳು ಪುಟಿದು ಹೋಗದಂತೆ ಒದ್ದೆ ಮಾಡಿ, ಗಾಳಿ ಬೀಸುವ ಕಡೆಗೆ ಮೀಟರಿನಿಂದ ಮೀಟರಿಗೆ ಸಾಲಾಗಿ ನೆಲದಲ್ಲಿ ಇಡುತ್ತಾರೆ. ಬಿತ್ತನೆ ಮುಗಿದ ಮೇಲೆ ಅದರಲ್ಲಿ ಬಿದ್ದ ವಿಷವನ್ನು ಪ್ರಯೋಗಶಾಲೆಯಲ್ಲಿ ಕಂಡುಹಿಡಿಯುತ್ತಾರೆ. ಕೇಳಲು ಸುಲಭ, ಮಾಡಲು ಕಷ್ಟ. ಗಾಳಿ ಹೊಲಕ್ಕೆ ಅಡ್ಡಲಾಗಿಯೇ ಬೀಸಬೇಕು. ಬಿತ್ತನೆಯ ನಡುವೆ ದಿಕ್ಕು ಬದಲಿಸಿತೆಂದರೆ ಅಂದಿನ ಶ್ರಮ ನೀರುಪಾಲು. ತೀರ ಮಂದವಾದರೆ ದೂಳು ಬದುವಿಗೇ ಬರುವುದಿಲ್ಲ.

ಇಲ್ಲಿ ಸಂಶೋಧಕರ ಕಣ್ಣು ತೆರೆಸಿದ ಒಂದು ಸಂಗತಿ ಹೊರಬಂತು. ನೆಲದ ತಟ್ಟೆಯ ಜೊತೆಗೆ, ಜಿಗುಟು ದ್ರವದಲ್ಲಿ ಅದ್ದಿದ ಬಲೆಬಟ್ಟೆಯನ್ನು ಗಾಳಿಗೆ ಎದುರಾಗಿ ನೆಟ್ಟಗೆ ನಿಲ್ಲಿಸಿದರು. ಹೂ ಹೊತ್ತು ನಿಂತ ಬೆಳೆಗೆ ಅದು ಬದಲಿ. ಬರಿನೆಲದ ತಟ್ಟೆಯಲ್ಲಿ ಬಿದ್ದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿಷ ನಿಂತ ಬಟ್ಟೆಯಲ್ಲಿ ಸಿಕ್ಕಿಬಿದ್ದಿತ್ತು. ಕಾರಣ ಸ್ಪಷ್ಟ. ತಟ್ಟೆ ಮೇಲಿನಿಂದ ಇಳಿದದ್ದನ್ನು ಮಾತ್ರ ಹಿಡಿಯುತ್ತದೆ. ಅಡ್ಡಗಾಳಿಯಲ್ಲಿ ತೇಲುತ್ತ ಸಾಗುವ ದೂಳು ಅದರ ಮೇಲೆ ಹಾಯ್ದು ಹೋಗುತ್ತದೆ. ನಿಂತ ಗಿಡ ಆ ದೂಳನ್ನು ಸೋಸುತ್ತದೆ. ನೊಣ ಹೋಗುವುದು ಬರಿನೆಲಕ್ಕಲ್ಲವಲ್ಲ, ನಿಂತ ಗಿಡದ ಹೂವಿಗೆ. ತಟ್ಟೆಯ ಅಂಕಿಯನ್ನೇ ನಂಬಿ ಅಪಾಯ ಕಡಿಮೆ ಎಂದು ಹೇಳಿದ್ದರೆ ಆ ಮಾತು ಹೂವಿನ ಮಟ್ಟಿಗೆ ಸುಳ್ಳಾಗುತ್ತಿತ್ತು.

ಇಟಲಿಯ ಪಡುವಾ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೊಣಕ್ಕೆ ವಿಷ ತಗಲಲು ಹೂವಿನ ಮೇಲೆ ಕೂರಲೇಬೇಕೆ? ಬಿತ್ತುವ ಯಂತ್ರದ ಸುತ್ತ ಎದ್ದ ದೂಳಿನ ನಡುವೆ ನೊಣಗಳು ಹಾರಿಹೋಗುವಂತೆ ಮಾಡಿ, ಆಮೇಲೆ ಹಿಡಿದು ಪರೀಕ್ಷಿಸಿದರು. ಆ ಹಾರಾಟದಲ್ಲೇ ಅವುಗಳ ಮೈಮೇಲೆ ನೂರಾರು ನ್ಯಾನೊಗ್ರಾಂ ವಿಷ ಕೂತಿತ್ತು. ಹಿಡಿದ ನೊಣಗಳನ್ನು ತೇವದ ಗಾಳಿಯಲ್ಲಿ ಇಟ್ಟಾಗ ಸಾವು ಇನ್ನೂ ಹೆಚ್ಚಿತು. ಸಂಖ್ಯೆಗಳ ಸರಪಳಿಯಲ್ಲಿ ಕೊನೆಯ ಕೊಂಡಿ ಹೀಗೆ ಜೀವಿಯ ಮೈಯೇ ಆಯಿತು.

ಅತ್ತ ಅಟ್ಲಾಂಟಿಕ್ ಸಾಗರದ ಆಚೆ ಇನ್ನೊಂದು ಪಾಠ. ಅಮೆರಿಕ, ಕೆನಡಾಗಳಲ್ಲಿ ಕಾಳುಗಳು ಒಂದಕ್ಕೊಂದು ಅಂಟದೆ ಸಲೀಸಾಗಿ ಜಾರಲೆಂದು ಡಬ್ಬಿಗೆ ಟಾಲ್ಕ್ ಅಥವಾ ಗ್ರಾಫೈಟ್ ಪುಡಿ ಬೆರೆಸುವ ರೂಢಿ ಇತ್ತು. ಆ ಪುಡಿ ಲೇಪನವನ್ನು ಉಜ್ಜಿ, ವಿಷವನ್ನೂ ಹೊತ್ತು, ಫ್ಯಾನಿನಿಂದ ಹೊರಬರುತ್ತದೆ. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಕ್ರುಪ್ಕೆ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಯಂತ್ರದಿಂದ ಹೊರಬಿದ್ದ ಆ ಪುಡಿಯಲ್ಲಿ ಅತ್ಯಧಿಕ ಮಟ್ಟದ ವಿಷ ಕಂಡಿತು. ಹಾಯ್‌ಬಾಕ್ ಪರೀಕ್ಷೆಯಲ್ಲಿ ಪಾಸಾದ ಬೀಜವೂ ಹೊಲದಲ್ಲಿ ಈ ಪುಡಿಯ ಜೊತೆ ಸೇರಿದರೆ ಬೇರೆಯೇ ಬೀಜ. ಅದೇ ತಂಡ 2017ರಲ್ಲಿ ಹೊಲಗಳ ಸುತ್ತ ಬಿದ್ದ ದೂಳನ್ನು ಅಳೆದು, ಇಂಡಿಯಾನಾ ರಾಜ್ಯದಲ್ಲಿ ಮೇವಿಗೆ ಹೊರಡುವ ಜೇನ್ನೊಣಗಳಲ್ಲಿ ಶೇ 94ಕ್ಕೂ ಹೆಚ್ಚು ಬಿತ್ತನೆಯ ಕಾಲದಲ್ಲಿ ಈ ವಿಷಕ್ಕೆ ಒಡ್ಡಿಕೊಳ್ಳುವ ಅಪಾಯದಲ್ಲಿವೆ ಎಂದು ಅಂದಾಜಿಸಿತು. ಕೆನಡಾದ ಒಂಟಾರಿಯೊ, ಕ್ವಿಬೆಕ್ ಪ್ರಾಂತ್ಯಗಳಲ್ಲಿ 2012ರ ಬಿತ್ತನೆಯ ಹೊತ್ತಿಗೆ ಜೇನು ಸತ್ತ ಮೇಲೆ, 2014ರಿಂದ ಅಲ್ಲಿ ಈ ಔಷಧ ಹಚ್ಚಿದ ಬೀಜದ ಜೊತೆ ಟಾಲ್ಕ್, ಗ್ರಾಫೈಟ್ ಬಿಟ್ಟು ದೂಳು ಕಡಿಮೆ ಏಳುವ ಮೇಣದ ಪುಡಿಯನ್ನೇ ಬಳಸಬೇಕೆಂದಾಯಿತು.

ಯುರೋಪಿನ ಒಕ್ಕೂಟ 2013ರಲ್ಲಿ ಕ್ಲೋಥಿಯಾನಿಡಿನ್, ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಎಂಬ ಮೂರು ಕೀಟನಾಶಕಗಳನ್ನು ಮಿತಿಗೊಳಪಡಿಸಿ, 2018ರಲ್ಲಿ ತೆರೆದ ಹೊಲಗಳಿಂದ ಅವನ್ನು ಪೂರ್ತಿ ಹೊರಗಿಟ್ಟಿತು. ದೂಳೊಂದೇ ಅದಕ್ಕೆ ಕಾರಣವಲ್ಲ. ಗಿಡ ಹೀರಿದ ಔಷಧ ಪರಾಗಕ್ಕೂ ಮಕರಂದಕ್ಕೂ ಬರುವುದು ಇನ್ನೊಂದು ದೊಡ್ಡ ಕಾರಣ. ಔಷಧ ಹೋದರೂ ಅಳತೆ ಹೋಗಲಿಲ್ಲ. ನಾಳೆ ಬೀಜಕ್ಕೆ ಯಾವ ಹೊಸ ಔಷಧ ಹಚ್ಚಿದರೂ ಅದು ಉದುರುತ್ತದೆ, ಹಾರುತ್ತದೆ. ಆದ್ದರಿಂದ ಪರೀಕ್ಷೆಗಳು ಉಳಿದುಕೊಂಡಿವೆ.

ಕೇಳುಗರೇ, ಈ ಮೂರೂ ಹೆಸರುಗಳಲ್ಲಿ ಎರಡಾದರೂ ನಮ್ಮ ಗೊಬ್ಬರದಂಗಡಿಗೆ ಹೋಗುವವರಿಗೆ ಚೆನ್ನಾಗಿ ಪರಿಚಿತ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಆರ್ಮಿವರ್ಮ್, ಅಂದರೆ ಅಮೆರಿಕದ ಸೈನಿಕ ಹುಳು, ಭಾರತದಲ್ಲೇ ಮೊದಲ ಬಾರಿಗೆ ವರದಿಯಾದ ಮೇಲೆ ಮೆಕ್ಕೆಜೋಳದ ಬೀಜೋಪಚಾರಕ್ಕೆ ನಮ್ಮಲ್ಲೂ ಮಹತ್ವ ಬಂದಿದೆ. ಹಾಗೆಂದು ರೈನ್ ಕಣಿವೆಯ ಕಥೆಯನ್ನು ದಾವಣಗೆರೆಗೋ ಹಾವೇರಿಗೋ ಹಾಗೇ ತಂದು ಕೂರಿಸುವಂತಿಲ್ಲ. ನಮ್ಮ ಎತ್ತಿನ ಕೂರಿಗೆಗೆ ಫ್ಯಾನ್ ಇಲ್ಲ. ಟ್ರ್ಯಾಕ್ಟರ್ ಕೂರಿಗೆಗಳಲ್ಲೂ ಎಷ್ಟೋ ಯಂತ್ರಗಳಲ್ಲಿ ಬೀಜ ತನ್ನ ಭಾರಕ್ಕೇ ಕೊಳವೆಯೊಳಗೆ ಇಳಿಯುತ್ತದೆ. ಅಲ್ಲಿ ದೂಳು ಮೇಲೆದ್ದು ದೂರ ಹೋಗುವ ಭಯ ಕಡಿಮೆ. ನಮ್ಮಲ್ಲಿ ದೂಳು ಮೊದಲು ಸಿಗುವುದು ಮನುಷ್ಯನಿಗೆ: ಚೀಲ ಬಿಚ್ಚಿ ಸುರಿಯುವ ಕೈಗೆ, ಕೂರಿಗೆಯ ಬಟ್ಟಲಿಗೆ ಹಿಡಿಹಿಡಿಯಾಗಿ ಬೀಜ ಬಿಡುತ್ತ ನಡೆಯುವ ಹೆಣ್ಣುಮಗಳ ಬೆರಳಿಗೆ, ಉಸಿರಿಗೆ. ತಕ್ಕಡಿ ಇಡಬೇಕಾದ ಮೊದಲ ಜಾಗ ಅದು.

ಜೇನಿನ ವಿಷಯದಲ್ಲೂ ಒಂದು ವ್ಯತ್ಯಾಸವಿದೆ. ಜರ್ಮನಿಯಲ್ಲಿ ಸಾವು ಲೆಕ್ಕಕ್ಕೆ ಸಿಕ್ಕಿದ್ದು ನೊಣ ಪೆಟ್ಟಿಗೆಯಲ್ಲಿದ್ದದ್ದರಿಂದ, ಪೆಟ್ಟಿಗೆಗೆ ಒಡೆಯನಿದ್ದದ್ದರಿಂದ. ನಮ್ಮ ತುಡುವೆ ಪೆಟ್ಟಿಗೆಗೆ ಬರುತ್ತದೆ. ಹೆಜ್ಜೇನು ಎತ್ತರದ ಮರದಲ್ಲೋ ಬಂಡೆಯ ಬೋರೆಯಲ್ಲೋ ಇರುತ್ತದೆ, ಕೋಲ್ಜೇನು ಪೊದೆಯ ಕೊಂಬೆಯಲ್ಲಿ. ಅವು ಹೊಲದಲ್ಲಿ ಬಿದ್ದರೆ ಎಣಿಸಿ ದೂರು ಕೊಡುವವರಿಲ್ಲ. ಆದ್ದರಿಂದ ಸಾವು ವರದಿಯಾಗಲಿಲ್ಲ ಎಂಬುದನ್ನೇ ಸಾವಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬಾರದು.

ಇಂದು ಹೊಲದಲ್ಲಿ ಮಾಡಬಹುದಾದ್ದು ಏನು? ಮನೆಯಲ್ಲಿ ಬೀಜೋಪಚಾರ ಮಾಡುವವರು ಕೈಗವಸು ಹಾಕಿ, ಮೂಗುಬಾಯಿಗೆ ಬಟ್ಟೆ ಕಟ್ಟಿ ಮಾಡಿ. ಬೀಜವನ್ನು ನೆರಳಲ್ಲಿ ಪೂರ್ತಿ ಒಣಗಿಸಿ, ಲೇಪನ ಹಿಡಿದ ಮೇಲೆಯೇ ಬಿತ್ತಿ. ಕಂಪನಿಯಿಂದ ಬಣ್ಣ ಹಚ್ಚಿಸಿಕೊಂಡು ಬಂದ ಬೀಜಕ್ಕೆ ಮತ್ತೆ ಔಷಧ ಬೆರೆಸುವ ಮುನ್ನ ಚೀಲದ ಚೀಟಿ ಓದಿ. ಚೀಲವನ್ನು ಎತ್ತಿ ಬಡಿದು ತಳದ ಪುಡಿಯನ್ನು ಡಬ್ಬಿಗೆ ಉದುರಿಸಬೇಡಿ. ದೂಳು ಸೇರಿರುವುದೇ ಅಲ್ಲಿ. ಗಾಳಿ ಜೋರಾಗಿರುವಾಗ, ಪಕ್ಕದ ಹೊಲವೋ ಬದುವೋ ಹೂವಾಗಿರುವಾಗ ಬಿತ್ತನೆಯನ್ನು ಗಾಳಿ ಇಳಿಯುವ ಹೊತ್ತಿಗೆ ಹಾಕಿಕೊಳ್ಳಿ. ಚೆಲ್ಲಿದ ಕಾಳು ಮುಚ್ಚಿ. ಮಿಕ್ಕ ಬೀಜ ಕೋಳಿಗೂ ಬೇಡ, ದನಕ್ಕೂ ಬೇಡ.

ಈಗ ಗಾಳಿ ಹೀರಿ ಬಿತ್ತುವ ಯಂತ್ರಗಳು ನಮ್ಮಲ್ಲಿಗೂ ಬರುತ್ತಿವೆ. ಅವು ಬರಲಿ, ಬೀಜ ಉಳಿಯುತ್ತದೆ, ಸಾಲು ಚೊಕ್ಕಟವಾಗುತ್ತದೆ. ಆದರೆ ಕೊಳ್ಳುವ ಮೊದಲು, ಬಾಡಿಗೆಗೆ ತರುವ ಮೊದಲು, ಎಷ್ಟು ಸಾಲು ಬಿತ್ತುತ್ತದೆ, ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಎಂದು ಕೇಳುವ ನಾವು ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕು: ಇದರ ಫ್ಯಾನಿನ ಗಾಳಿ ಎಲ್ಲಿಗೆ ಹೋಗುತ್ತದೆ? ಮೇಲಕ್ಕೆ ಎಂದರೆ, ಕೆಳಕ್ಕೆ ತರುವ ಕೊಳವೆ ಹಾಕಿಸಿಕೊಡಿ ಎನ್ನಿ. ರೈನ್ ಕಣಿವೆಯವರು ಹನ್ನೊಂದು ಸಾವಿರ ಜೇನು ಕುಟುಂಬಗಳು ಪೆಟ್ಟು ತಿಂದ ಮೇಲೆ ಕೇಳಿದ ಪ್ರಶ್ನೆ ಅದು. ನಾವು ಮೊದಲೇ ಕೇಳಬಹುದು.